ನಡಿಗೆರಾಯ ನಡೆದ ದಿನ

ಮೇಷ್ಟ್ರು ಅವತ್ತು ಆ ಹುಡುಗಿಗೆ "ತಗೊಳ್ಳಿ" ಎನ್ನದೆ ಇದ್ದಿದ್ದರೆ ಇಷ್ಟೆಲ್ಲ ರಾದ್ಧಾಂತ ಆಗುತ್ತಲೇ ಇರಲಿಲ್ಲ.

ಆಗ ಅವರು ಉತ್ತರ ಪತ್ರಿಕೆಗಳ ರಾಶಿಯ ಹಿಂದೆ ಕೂತಿದ್ದರು. ಯಾರೋ ಒಬ್ಬ ಮಹಾನುಭಾವ ವಿದ್ಯಾರ್ಥಿ ನದಿಯನ್ನು ಸಮುದ್ರದಿಂದ ಬೆಟ್ಟಕ್ಕೆ ಹರಿಸಿದ್ದ. ಅದನ್ನು ಓದಿ ತಲೆ ಕೆಟ್ಟು ಕೂತಿದ್ದಾಗ ರೋಬೋಟ್ ತಂಡದ ಹುಡುಗಿ ಬಂದು, "ಸರ್, ನಮ್ಮ ರೋಬೋಟಿಗೆ ಒಂದು ಒಳ್ಳೆ ನಡಿಗೆ ಬೇಕು. ನಮ್ಮ ಟೀಚರ್‌ಗಳಲ್ಲೇ ಯಾರದಾದ್ರೂ ತಗೊಳ್ಳಬಹುದಾ?" ಎಂದು ಕೇಳಿದಳು. ಯಾರ ನಡಿಗೆ, ಹೇಗೆ ತಗೊಳ್ಳುವುದು, ತಗೊಂಡು ಏನು ಮಾಡುವುದು, ಯಾವುದನ್ನೂ ವಿಚಾರಿಸದೆ ಮೇಷ್ಟ್ರು ತಲೆ ಎತ್ತದೆಯೇ "ತಗೊಳ್ಳಿ, ತಗೊಳ್ಳಿ" ಎಂದುಬಿಟ್ಟರು.

ಅವರು ಕಲಿಸುವುದು ಭೂಗೋಳ. ಅವರಿಗೂ ರೋಬೋಟಿಗೂ ಗಂಟು ಹಾಕಿದವರು ದೊಡ್ಡ ಮೇಡಂ, ಅಂದರೆ ಶಾಲೆಯ ಮುಖ್ಯೋಪಾಧ್ಯಾಯಿನಿ. ಒಮ್ಮೆ ಮೇಡಂ ಕೋಣೆಯ ಗ್ಲೋಬು ತಿರುಗದೆ ಕಚ್ಚಿಕೊಂಡಿತ್ತು. ಮೇಷ್ಟ್ರು ಅದಕ್ಕೆ ತಲೆಗೆ ಹಚ್ಚುವ ಎಣ್ಣೆಯನ್ನೇ ಎರಡು ಹನಿ ಬಿಟ್ಟು ಗರಗರ ತಿರುಗಿಸಿ ಕೊಟ್ಟರು. "ಭೂಮೀನೇ ತಿರುಗಿಸಿದವರಿಗೆ ರೋಬೋಟ್ ಯಾವ ಲೆಕ್ಕ?" ಎಂದು ಮೇಡಂ ರೋಬೋಟ್ ಕೋಣೆಯ ಬೀಗದ ಕೈಯನ್ನು ಅವರಿಗೆ ಒಪ್ಪಿಸಿದರು. ಅಂದಿನಿಂದ ಇಡೀ ಶಾಲೆಯ ಬಾಯಲ್ಲಿ ಅವರು ಗ್ಲೋಬ್ ಮೇಷ್ಟ್ರು. ಇದರ ಜೊತೆಗೆ ಇನ್ನೊಂದು ಚಾಕರಿಯೂ ಅವರ ಕೊರಳಿಗೆ ಬಿದ್ದಿತ್ತು. ಮೇಡಂ ದಿನಾ ಶಾಲೆಯ ಸುತ್ತು ಹೊಡೆಯುವಾಗ ಫೈಲು ಹಿಡಿದುಕೊಂಡು ಅವರ ಹಿಂದೆ ಹೋಗುವುದು. ಮುಂದೆ ಮೇಡಂ, ಅವರ ಹಿಮ್ಮಡಿ ತುಳಿಯದಷ್ಟು ದೂರದಲ್ಲಿ ಮೇಷ್ಟ್ರು, ಹೀಗೆ ಮೂರು ವರ್ಷದಿಂದ ನಡೆದಿತ್ತು.

ಇಲ್ಲ ಎನ್ನುವ ಧೈರ್ಯ ಅವರಿಗಿರಲಿಲ್ಲ. ಯಾಕೆಂದರೆ ಅವರ ಕೆಲಸ ಇನ್ನೂ ತಾತ್ಕಾಲಿಕ. ತಾತ್ಕಾಲಿಕ ಮೇಷ್ಟ್ರಿಗೆ ಯಾವ ಮನೆಯ ಯಜಮಾನನೂ ಕೋಣೆ ಬಾಡಿಗೆಗೆ ಕೊಡುತ್ತಿರಲಿಲ್ಲ. ಹಾಗಾಗಿ ಅವರು ಅಕ್ಕನ ಮನೆಯ ಹಜಾರದಲ್ಲಿ ಮಲಗುತ್ತಿದ್ದರು. ಬೆಳಿಗ್ಗೆ ಭಾವ ಚಪ್ಪಲಿ ಹುಡುಕಲು ಅವರನ್ನೇ ದಾಟಿ ಹೋಗುತ್ತಿದ್ದರು. ಸೋದರಳಿಯ ಅವರ ತಲೆದಿಂಬಿನ ಪಕ್ಕದಲ್ಲೇ ಕೂತು ಮಗ್ಗಿ ಒದರುತ್ತಿದ್ದ. ಮೇಷ್ಟ್ರ ಕನಸು ದೊಡ್ಡದೇನಲ್ಲ. ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಬಾಗಿಲು, ಆ ಬಾಗಿಲಿಗೆ ಒಂದು ಕೋಣೆ.

ಆ ಕನಸು ಇವತ್ತು ಕೈಗೆ ಸಿಗುವುದರಲ್ಲಿತ್ತು. ಸಂಜೆ ಶಾಲೆಯ ರೋಬೋಟ್ ಪ್ರದರ್ಶನ. "ಪ್ರದರ್ಶನ ಚೆನ್ನಾಗಿ ಆದ್ರೆ ಆಡಳಿತ ಮಂಡಳಿ ಅಧ್ಯಕ್ಷರ ಎದುರೇ ನಿಮ್ಮ ಕಾಯಂ ಕಾಗದಕ್ಕೆ ಸಹಿ ಹಾಕ್ತೀನಿ" ಎಂದು ಮೇಡಂ ಮಾತು ಕೊಟ್ಟಿದ್ದರು. ಮೇಷ್ಟ್ರು ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಸಿಳ್ಳೆ ಹಾಕುತ್ತ ರೋಬೋಟ್ ಕೋಣೆಗೆ ಬಂದರು.

ಅಲ್ಲಿ ಮಕ್ಕಳು ಎರಡು ರೋಬೋಟ್ ತಯಾರು ಮಾಡಿ ಇಟ್ಟಿದ್ದರು. ಒಂದು ಚಕ್ರದ್ದು, ನೆಲದ ಮೇಲೆ ಎಳೆದ ಕಪ್ಪು ಗೆರೆ ಹಿಡಿದು ಉರುಳುವಂಥದ್ದು. ಇನ್ನೊಂದು ಎರಡು ಕಾಲಿನದು. ಬಿಸ್ಕತ್ತು ಡಬ್ಬಿಯ ಹೊಟ್ಟೆ, ಬಾಟಲಿ ಮುಚ್ಚಳದ ಕಣ್ಣು, ಮಂಡಿಗೊಂದು ಪಾದಕ್ಕೊಂದು ಕತ್ತಿಗೊಂದು ಪುಟ್ಟ ಮೋಟರು. ಮಕ್ಕಳು ಅದಕ್ಕೆ ನಡಿಗೆರಾಯ ಎಂದು ಹೆಸರಿಟ್ಟಿದ್ದರು. ಹೆಸರಷ್ಟೇ, ನಡಿಗೆ ಬಂದಿರಲಿಲ್ಲ. ಎರಡು ಹೆಜ್ಜೆಗೆ ಮುಗ್ಗರಿಸಿ ಬೀಳುತ್ತಿತ್ತು.

"ಸರ್, ಇವತ್ತು ಬೀಳಲ್ಲ ನೋಡಿ!" ಎಂದಳು ತಂಡದ ನಾಯಕಿ, ಅವತ್ತು ನಡಿಗೆ ಕೇಳಲು ಬಂದಿದ್ದವಳು. ಜಡೆಗೆ ಸದಾ ಒಂದು ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡಿರುತ್ತಿದ್ದ ಅವಳನ್ನು ಎಲ್ಲರೂ ಸ್ಕ್ರೂ ಎಂದೇ ಕರೆಯುತ್ತಿದ್ದರು. "ಒಬ್ಬರು ನಡೆಯೋದನ್ನ ಮರೆಯಿಂದ ವಿಡಿಯೊ ತೆಗೆದ್ವಿ. ಅವರ ಮಂಡಿ ಎಷ್ಟು ಬಗ್ಗತ್ತೆ, ಪಾದ ಯಾವಾಗ ಏಳತ್ತೆ, ಕತ್ತು ಯಾವಾಗ ತಿರುಗತ್ತೆ, ಎಲ್ಲಾ ಅಳೆದು ಹಾಗೇ ಮೋಟರಿಗೆ ಹೇಳಿಕೊಟ್ವಿ."

ಅವಳ ಜೊತೆಗಾರ ಗುಂಡಿ ಒತ್ತಿದ. ನಡಿಗೆರಾಯ ಮೇಜಿನ ಮೇಲೆ ಹೊರಟ. ಕತ್ತು ಮುಂದೆ. ಬಲಗಾಲು ಯಾವುದೋ ಕೊಚ್ಚೆ ತಪ್ಪಿಸಿದ ಹಾಗೆ ಪಕ್ಕಕ್ಕೆ. ನಾಲ್ಕಾರು ಹೆಜ್ಜೆ ಹಾಕಿ ಗಕ್ಕನೆ ನಿಂತ. ಎಡಕ್ಕೊಮ್ಮೆ ಬಲಕ್ಕೊಮ್ಮೆ ಕತ್ತು ಹೊರಳಿಸಿ ಯಾರನ್ನೋ ಹುಡುಕಿದ. ಮತ್ತೆ ಹೊರಟ.

ಮೇಷ್ಟ್ರು ಮೇಜಿನ ಮೇಲೆ ಬಗ್ಗಿ ನೋಡಿದರು. ಈ ಕತ್ತು, ಈ ಬಲಗಾಲು, ಈ ನಿಲ್ಲುವಿಕೆ! ಮೂರು ವರ್ಷದಿಂದ ದಿನಾ ಹಿಂದಿನಿಂದ ನೋಡಿದ್ದಾರೆ. ಕಣ್ಣು ಕಟ್ಟಿ ಬಿಟ್ಟರೂ ಗುರುತಿಸುತ್ತಾರೆ. ಇದು ಸಾಕ್ಷಾತ್ ದೊಡ್ಡ ಮೇಡಂ.

"ಅಯ್ಯೋ ದೇವರೇ, ನಿಲ್ಸಿ ಅದನ್ನ!"

"ಗೊತ್ತಾಗೋಯ್ತಾ ಸರ್?" ಎಂದಳು ಸ್ಕ್ರೂ, ನಾಲಿಗೆ ಕಚ್ಚಿಕೊಂಡು. "ಬೇಜಾರಾಯ್ತಾ?"

"ಬೇಜಾರಲ್ಲಮ್ಮ, ಭಯ! ಬೇರೆ ಯಾರೂ ಸಿಗಲಿಲ್ವಾ ನಿಮಗೆ?"

"ಎಲ್ಲರದೂ ಹಾಕಿ ನೋಡಿದ್ವಿ ಸರ್. ಡ್ರಿಲ್ ಸರ್ ನಡಿಗೆ ಹಾಕಿದ್ರೆ ಕಾಲೇ ಕಿತ್ಕೊಂಡ್ ಬಂತು. ಗಣಿತದ ಮೇಡಂದು ಹಾಕಿದ್ರೆ ಒಂದೇ ಕಡೆಗೆ ಸುತ್ತತ್ತೆ. ಇದೊಂದೇ ಬೀಳದೇ ಇರೋ ನಡಿಗೆ. ನೀವೇ ತಗೊಳ್ಳಿ ಅಂದಿದ್ರಲ್ಲ?"

ಮೇಷ್ಟ್ರು ಅಂದಿದ್ದರು, ನಿಜ. ಅವರ ಕಣ್ಣ ಮುಂದೆ ಸಂಜೆಯ ಚಿತ್ರ ಬಂತು. ತುಂಬಿದ ಸಭೆ, ಮುಂದಿನ ಸಾಲಿನಲ್ಲಿ ಮೇಡಂ, ಎದುರಿಗೆ ಬಿಸ್ಕತ್ತು ಡಬ್ಬಿಯ ಇನ್ನೊಬ್ಬ ಮೇಡಂ. ಬಾಗಿಲಿರುವ ಕೋಣೆ ಆ ಕ್ಷಣವೇ ಅವರ ಮುಖದ ಮೇಲೆ ಬಾಗಿಲು ಹಾಕಿಕೊಂಡಿತು.

ಅಷ್ಟರಲ್ಲಿ ಡ್ರಿಲ್ ಮೇಷ್ಟ್ರು ಬಾಗಿಲಲ್ಲಿ ಇಣುಕಿದರು. ಯಾರಾದರೂ ಕಷ್ಟದಲ್ಲಿದ್ದರೆ ಅವರ ಮೂಗಿಗೆ ಅದು ಹೇಗೋ ಬಡಿಯುತ್ತಿತ್ತು. "ಏನ್ ಮೇಷ್ಟ್ರೇ, ಬೆಳಿಗ್ಗೆ ಬೆಳಿಗ್ಗೆ ಬೆವರ್ತಾ ಇದೀರಿ?"

ಮೇಷ್ಟ್ರು ಅವರನ್ನು ಒಳಗೆಳೆದುಕೊಂಡು, "ನೀವೇ ಕಾಪಾಡ್ಬೇಕು. ಈ ಮಕ್ಕಳು ಇದಕ್ಕೆ ದೊಡ್ಡ ಮೇಡಂ ನಡಿಗೆ ಕಲಿಸಿಬಿಟ್ಟಿದಾರೆ" ಎಂದು ಪಿಸುಗುಟ್ಟಿದರು.

ಮಕ್ಕಳು ಮುಖ ಮುಖ ನೋಡಿಕೊಂಡರು. ಡ್ರಿಲ್ ಮೇಷ್ಟ್ರು ನಡಿಗೆರಾಯನನ್ನು ಒಮ್ಮೆ ನಡೆಸಿ ನೋಡಿದರು. ಗ್ಲೋಬ್ ಮೇಷ್ಟ್ರನ್ನು ನೋಡಿದರು. ಮತ್ತೆ ನಡಿಗೆರಾಯನನ್ನು ನೋಡಿದರು.

"ಇದು ಮೇಡಂ ನಡಿಗೆ ಅಂತೀರಾ?"

"ಅಲ್ದೆ ಮತ್ತೆ? ಕಾಳು ಕದಿಯೋಕೆ ಬಂದ ಕೋಳಿ ಥರ ಕತ್ತು ಚಾಚ್ಕೊಂಡು, ಅಲ್ಲಲ್ಲಿ ನಿಂತು ಆ ಕಡೆ ಈ ಕಡೆ ನೋಡ್ಕೊಂಡು... ನೀವೆಲ್ಲಿ ನೋಡಿರ್ತೀರಿ ಬಿಡಿ. ಇರಿ, ನಾನೇ ತೋರಿಸ್ತೀನಿ." ಮೇಷ್ಟ್ರು ಕೋಣೆಯ ಈ ಗೋಡೆಯಿಂದ ಆ ಗೋಡೆಯವರೆಗೆ ನಡೆದು ತೋರಿಸಿದರು.

ಡ್ರಿಲ್ ಮೇಷ್ಟ್ರು ಏನೋ ಹೇಳಲು ಬಾಯಿ ತೆರೆದರು, ಮುಚ್ಚಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಕೊರಳಿನ ಸೀಟಿ ಕುಣಿದು ಅವರ ಮೂಗಿಗೇ ಬಡಿಯಿತು. "ಇನ್ನೊಂದ್ ಸಲ ನಡೀರಿ ಮೇಷ್ಟ್ರೇ, ನಿಮ್ ದಮ್ಮಯ್ಯ!"

ಮೇಷ್ಟ್ರಿಗೆ ತಮ್ಮ ಅಭಿನಯದ ಬಗ್ಗೆ ಒಳಗೊಳಗೇ ಹೆಮ್ಮೆಯಾಯಿತು. ಇನ್ನೊಂದು ಸಲ ನಡೆದರು. ನಗು ಕೇಳಿ ಗಣಿತದ ಮೇಡಂ ಚಹದ ಲೋಟ ಹಿಡಿದು ಬಂದರು. ಅವರಿಗಾಗಿ ಮತ್ತೊಂದು ಸಲ ನಡೆಯಬೇಕಾಯಿತು. ಗಣಿತದ ಮೇಡಂ ಚಹ ನೆತ್ತಿಗೇರಿ ಕೆಮ್ಮುತ್ತ ಗೋಡೆ ಹಿಡಿದುಕೊಂಡರು.

"ನಗೋದು ಆಮೇಲೆ. ಈಗ ಇದರ ನಡಿಗೆ ಬದಲಾಯಿಸ್ಬೇಕು, ಏನಾದ್ರೂ ಮಾಡಿ" ಎಂದು ಮೇಷ್ಟ್ರು ಗೋಗರೆದರು.

"ಅದೇನ್ ಬ್ರಹ್ಮವಿದ್ಯೆ?" ಎಂದು ಕಣ್ಣೊರೆಸಿಕೊಂಡರು ಗಣಿತದ ಮೇಡಂ. "ಮಂಡಿ ಬಗ್ಗೋ ಅಂಕಿ ಇದೆಯಲ್ಲ, ಅದನ್ನೆಲ್ಲ ಎರಡರಿಂದ ಗುಣಿಸಿ. ನಡಿಗೆ ತಾನಾಗೇ ಬದಲಾಗತ್ತೆ."

ಮಕ್ಕಳು ಬೇಡ ಬೇಡ ಎಂದರೂ ಕೇಳದೆ ಹಿರಿಯರು ಮೂವರೂ ಸೇರಿ ಗುಣಿಸಿದರು. ನಡಿಗೆರಾಯ ಒಂದು ಮಂಡಿಯನ್ನು ಎದೆಯವರೆಗೆ ಎತ್ತಿದ. ಗಣಿತದ ಮೇಡಂ ಅವರ ಚಹದ ಲೋಟವನ್ನು ಒದ್ದ. ಆ ರಭಸಕ್ಕೆ ಮೇಜಿನಿಂದ ಹಾರಿ ಡ್ರಿಲ್ ಮೇಷ್ಟ್ರ ತೆಕ್ಕೆಗೆ ಬಿದ್ದು, ಅಲ್ಲೂ ಬಿಡದೆ ಅವರ ಹೊಟ್ಟೆಗೆ ಒದೆಯುತ್ತಲೇ ಇದ್ದ. ಸ್ಕ್ರೂ ಓಡಿಬಂದು ತಂತಿ ಎಳೆದು ನಿಲ್ಲಿಸಿದಳು. ಹಳೆಯ ಅಂಕಿಗಳನ್ನೇ ಮತ್ತೆ ಹಾಕಬೇಕಾಯಿತು. ಡ್ರಿಲ್ ಮೇಷ್ಟ್ರು ಹೊಟ್ಟೆ ಸವರಿಕೊಳ್ಳುತ್ತ, ಆದರೂ ನಗುತ್ತಲೇ, ಸ್ಟಾಫ್ ರೂಮಿನ ಕಡೆ ಹೋದರು. ಸುದ್ದಿ ಅವರಿಗಿಂತ ಮೊದಲೇ ಅಲ್ಲಿ ಮುಟ್ಟಿತ್ತೋ ಏನೋ, ಸ್ವಲ್ಪ ಹೊತ್ತಿಗೆ ರೋಬೋಟ್ ಕೋಣೆಯ ಕಿಟಕಿಯಲ್ಲಿ ತಲೆಗಳು ಸಾಲುಗಟ್ಟಿದವು. ಗುಮಾಸ್ತರು ಬಂದು ನೋಡಿ ನಕ್ಕರು. ಪ್ಯೂನ್ ಬಂದು ನೋಡಿ ನಕ್ಕ. ಎಲ್ಲರೂ ಒಮ್ಮೆ ನಡಿಗೆರಾಯನನ್ನು, ಒಮ್ಮೆ ಮೇಷ್ಟ್ರನ್ನು ನೋಡಿ ನಗುತ್ತಿದ್ದರು. ಮೇಡಂ ಮೇಲೆ ಎಲ್ಲರಿಗೂ ಇಷ್ಟೊಂದು ಸಿಟ್ಟಿದೆಯಲ್ಲ ಎಂದು ಮೇಷ್ಟ್ರಿಗೆ ಆಶ್ಚರ್ಯವಾಯಿತು.

ಮಧ್ಯಾಹ್ನದ ಹೊತ್ತಿಗೆ ಅವರಿಗೆ ಇನ್ನೊಂದು ಉಪಾಯ ಹೊಳೆಯಿತು. ನಡಿಗೆರಾಯನನ್ನು ಬೀರುವಿನಲ್ಲಿಟ್ಟು ಚಕ್ರದ ರೋಬೋಟನ್ನಷ್ಟೇ ತೋರಿಸಿದರೆ? ಚಕ್ರಕ್ಕೆ ಮಂಡಿಯೂ ಇಲ್ಲ, ಕತ್ತೂ ಇಲ್ಲ. ಯಾರ ಮರ್ಯಾದೆಗೂ ಧಕ್ಕೆಯಿಲ್ಲ. ಅದನ್ನು ಕಾರಿಡಾರಿಗೆ ತಂದು, ಒಂದು ಸಲ ಓಡಿಸಿ ನೋಡೋಣ ಎಂದು ನೆಲಕ್ಕೆ ಬಿಟ್ಟರು.

ಕಪ್ಪು ಗೆರೆ ಕಂಡಲ್ಲಿ ಹಿಡಿದು ಹೋಗುವುದು ಅದರ ಗುಣ. ಕಾರಿಡಾರಿನ ಗೋಡೆಯುದ್ದಕ್ಕೂ ಕಪ್ಪು ಟೈಲ್ಸಿನ ಅಂಚು ಇದೆ ಎನ್ನುವುದನ್ನು ಮೇಷ್ಟ್ರು ಇಷ್ಟು ವರ್ಷದಲ್ಲಿ ಗಮನಿಸಿರಲಿಲ್ಲ. ರೋಬೋಟು ಒಂದೇ ಕ್ಷಣದಲ್ಲಿ ಗಮನಿಸಿತು. ಅಂಚು ಹಿಡಿದು ಸರ್ರನೆ ಹೊರಟಿತು. "ಏ, ನಿಲ್ಲೋ!" ಎಂದು ಮೇಷ್ಟ್ರು ಬೆನ್ನಟ್ಟಿದರು. ಅದು ಏಳನೇ ಕ್ಲಾಸು ದಾಟಿತು, ನೀರಿನ ನಲ್ಲಿ ದಾಟಿತು, ಮೂಲೆಯಲ್ಲಿ ಚೊಕ್ಕವಾಗಿ ತಿರುಗಿತು. ಎಲ್ಲ ಅಂಚುಗಳೂ ಕೊನೆಗೆ ಸೇರುವ ಕಡೆಗೆ, ಅಂದರೆ ದೊಡ್ಡ ಮೇಡಂ ಕೋಣೆಯೊಳಕ್ಕೆ, ನುಗ್ಗಿ ಮೇಜಿನಡಿ ಮಾಯವಾಯಿತು.

ಮೇಡಂ ಕಾಗದದಿಂದ ತಲೆ ಎತ್ತಿದಾಗ ಕಂಡದ್ದು ಮೇಜಿನಡಿಯಿಂದ ಹೊರಗೆ ಚಾಚಿದ್ದ ಎರಡು ಕಾಲು.

"ಯಾರ್ರೀ ಅದು?"

"ನಾನು ಮೇಡಂ. ಭೂಗೋಳ."

"ಭೂಗೋಳಕ್ಕೆ ನನ್ನ ಮೇಜಿನ ಕೆಳಗೆ ಏನು ಕೆಲಸ?"

ಮೇಷ್ಟ್ರು ರೋಬೋಟನ್ನು ಎದೆಗವಚಿಕೊಂಡು, ತಲೆಯಲ್ಲಿ ಜೇಡರ ಬಲೆಯೊಂದಿಗೆ ಎದ್ದು ನಿಂತರು. "ರಿಹರ್ಸಲ್ ಮೇಡಂ. ಸಂಜೆ ಇದನ್ನೊಂದೇ ತೋರಿಸೋಣ ಅಂತ. ಕಾಲಿಂದು ಇನ್ನೂ ಅಷ್ಟು ಸರಿ ಆಗಿಲ್ಲ..."

"ಚಕ್ರದ್ದನ್ನ ಯಾರು ಬೇಕಾದ್ರೂ ಉರುಳಿಸ್ತಾರೆ" ಎಂದರು ಮೇಡಂ. "ಪಕ್ಕದ ಶಾಲೆಯವರು ಆಗಲೇ ಎರಡು ಉರುಳಿಸಿ ಆಯ್ತು. ನಡೆಯೋ ರೋಬೋಟ್ ತೋರಿಸ್ತೀನಿ ಅಂತ ಅಧ್ಯಕ್ಷರಿಗೆ ಹೇಳಿ ಕರೆಸಿದೀನಿ. ಅದು ನಡೀಬೇಕು. ನಿಮ್ಮ ಕಾಗದ ನೋಡಿ, ಇಲ್ಲೇ ಇದೆ."

ಮೇಜಿನ ಮೇಲೆ, ಗ್ಲೋಬಿನ ಪಕ್ಕದಲ್ಲಿ ಅದು ಇತ್ತು. ಮೇಷ್ಟ್ರು ಅದನ್ನು ಆಸೆಯಿಂದ ನೋಡಿದರು. ನಡಿಗೆರಾಯ ನಡೆಯದಿದ್ದರೂ ಕಾಗದ ಹೋಯಿತು, ನಡೆದರೂ ಹೋಯಿತು. ಇಂಥ ಪೀಕಲಾಟ ಹಗೆಗೂ ಬೇಡ ಎನ್ನಿಸಿತು. ಆದರೆ ಯೋಚಿಸುತ್ತ ವಾಪಸು ಬರುವಾಗ, ನಡೆಯದೆ ಹೋಗುವುದಕ್ಕೂ ನಡೆದು ಹೋಗುವುದಕ್ಕೂ ಒಂದು ವ್ಯತ್ಯಾಸ ಕಂಡಿತು. ನಡೆಯದಿದ್ದರೆ ಅದು ಯಂತ್ರದ ತಪ್ಪು. ಯಂತ್ರದ ತಪ್ಪಿಗೆ ಕ್ಷಮೆಯುಂಟು, ಮುಂದಿನ ತಿಂಗಳು ಮತ್ತೊಮ್ಮೆ ಪ್ರದರ್ಶನ ಇಟ್ಟುಕೊಳ್ಳಬಹುದು. ಕೋಳಿ ನಡಿಗೆಗೆ ಕ್ಷಮೆಯಿಲ್ಲ.

ಮಕ್ಕಳೆಲ್ಲ ಊಟಕ್ಕೆ ಹೋಗಿದ್ದಾಗ ಮೇಷ್ಟ್ರು ಮೆಲ್ಲಗೆ ಕೋಣೆಗೆ ಬಂದರು. ಕಳ್ಳನ ಹಾಗೆ ಅತ್ತಿತ್ತ ನೋಡಿ, ನಡಿಗೆರಾಯನ ಬೆನ್ನಿನ ಬ್ಯಾಟರಿ ಕಿತ್ತು ಪ್ಯಾಂಟಿನ ಜೇಬಿಗೆ ಹಾಕಿಕೊಂಡರು. ಅದು ಇನ್ನೂ ಬೆಚ್ಚಗಿತ್ತು.

ಮಕ್ಕಳು ಬಂದರು. ಸ್ಕ್ರೂ ಗುಂಡಿ ಒತ್ತಿದಳು. ನಡಿಗೆರಾಯ ಕದಲಲಿಲ್ಲ. ಬೆನ್ನು ತಿರುಗಿಸಿ ನೋಡಿದಳು. ಮೇಜಿನಡಿ, ಬೆಂಚಿನಡಿ, ಕಸದ ಬುಟ್ಟಿ ಎಲ್ಲ ಹುಡುಕಿದರು. ಬೇರೆ ಬ್ಯಾಟರಿ ಇದಕ್ಕೆ ಹೊಂದುವುದಿಲ್ಲ. ಹುಡುಗಿ ಬೆಂಚಿನ ಮೇಲೆ ಕೂತು, ನಡಿಗೆರಾಯನನ್ನು ಮಡಿಲಲ್ಲಿ ಮಲಗಿಸಿಕೊಂಡು ಬಿಕ್ಕಿ ಬಿಕ್ಕಿ ಅಳತೊಡಗಿದಳು. "ನಮ್ಮಪ್ಪ ರಜ ಹಾಕಿ ಬರ್ತಾ ಇದಾರೆ ಸರ್. ಇಷ್ಟು ದಿನ ಬರೀ ಬೀಳೋದನ್ನೇ ನೋಡಿದಾರೆ. ಇವತ್ತು ನಡೆಯತ್ತೆ ಅಂದಿದ್ದೆ."

ತಾನೂ ಒಬ್ಬ ಮೇಷ್ಟ್ರೇ ಎಂದು ಮೇಷ್ಟ್ರು ತಮ್ಮನ್ನೇ ಬೈದುಕೊಂಡರು. ಜೇಬಿನಲ್ಲಿದ್ದ ಬ್ಯಾಟರಿ ಕೆಂಡದ ಹಾಗೆ ಸುಡುತ್ತಿತ್ತು. ಬಾಗಿಲಿರುವ ಕೋಣೆಗೆ ಮನಸ್ಸಿನಲ್ಲೇ ಕೈಮುಗಿದು, ನೆಲಕ್ಕೆ ಬಗ್ಗಿ ಎದ್ದು, "ಇಲ್ಲೇ ಬಿದ್ದಿತ್ತಲ್ಲಮ್ಮ, ಕಣ್ಣಿಟ್ಟು ಹುಡುಕೋದಲ್ವಾ?" ಎಂದು ಕೊಟ್ಟರು. ಸ್ಕ್ರೂ ಕಣ್ಣೀರಿನಲ್ಲೇ ನಕ್ಕಳು. ಆ ನಗು ನೋಡಿ ಮೇಷ್ಟ್ರಿಗೆ ಆದದ್ದಾಗಲಿ ಎಂಬ ಒಂದು ಮೊಂಡು ಧೈರ್ಯ ಬಂತು. ಅದು ಸಂಜೆಯವರೆಗೂ ಉಳಿಯಲಿಲ್ಲ ಎನ್ನುವುದು ಬೇರೆ ಮಾತು.

ಸಂಜೆ ಸಭಾಂಗಣ ಕಿಕ್ಕಿರಿದಿತ್ತು. ಮುಂದಿನ ಸಾಲಿನಲ್ಲಿ ಆಡಳಿತ ಮಂಡಳಿಯ ಅಧ್ಯಕ್ಷರು, ಬೊಚ್ಚುಬಾಯಿಯ ನಗುಮುಖದ ಹಿರಿಯರು. ಅವರ ಪಕ್ಕದಲ್ಲಿ ದೊಡ್ಡ ಮೇಡಂ. ಅವರೆದುರಿನ ಸಣ್ಣ ಮೇಜಿನ ಮೇಲೆ ಕಾಯಂ ಕಾಗದ, ಹಾರದಂತೆ ಅದರ ಮೇಲೊಂದು ನೀರಿನ ಲೋಟ. ಹಿಂದಿನ ಸಾಲಿನಲ್ಲಿ ಡ್ರಿಲ್ ಮೇಷ್ಟ್ರು, ಗಣಿತದ ಮೇಡಂ, ಗುಮಾಸ್ತರು, ಪ್ಯೂನ್ ಎಲ್ಲರೂ ಬಾಯಿಗೆ ಕರವಸ್ತ್ರ ಹಿಡಿದು ತಯಾರಾಗಿ ಕೂತಿದ್ದರು.

ಚಕ್ರದ್ದು ಮೊದಲು ಬಂತು. ತನ್ನ ಗೆರೆ ಹಿಡಿದು ಸಭ್ಯವಾಗಿ ಉರುಳಿ ಚಪ್ಪಾಳೆ ಗಿಟ್ಟಿಸಿಕೊಂಡು ಹೋಯಿತು. ಆಮೇಲೆ ಸ್ಕ್ರೂ ನಡಿಗೆರಾಯನನ್ನು ಎರಡು ಸಾಲು ಕುರ್ಚಿಗಳ ನಡುವಿನ ದಾರಿಯಲ್ಲಿ ನಿಲ್ಲಿಸಿದಳು. ಮೇಷ್ಟ್ರು ಕಂಬಕ್ಕೆ ಒರಗಿ ಕಣ್ಣು ಮುಚ್ಚಿದರು. ಟಕ್, ಟಕ್ ಎಂದು ಹೆಜ್ಜೆ ಕೇಳಿಸಿತು. ಆ ಸದ್ದು ನಿಂತಿತು. ಈಗ ಕತ್ತು ಎಡಕ್ಕೆ. ಈಗ ಬಲಕ್ಕೆ.

ಆಗ ಕುಕ್ಕರಿನ ಹಬೆ ಹೋದಂಥ ಒಂದು ಸದ್ದಾಯಿತು. ಮೇಷ್ಟ್ರು ಒಂದು ಕಣ್ಣು ತೆರೆದು ನೋಡಿದರು. ಮೇಡಂ ನಗುತ್ತಿದ್ದರು! ಈ ಶಾಲೆಯಲ್ಲಿ ಯಾರೂ ಕಂಡಿರದ ನಗು. ಭುಜ ಕುಣಿಯುತ್ತಿತ್ತು, ಕಣ್ಣಲ್ಲಿ ನೀರು.

"ಅಯ್ಯಯ್ಯೋ! ಇದು ನಮ್ಮ ಗ್ಲೋಬ್ ಮೇಷ್ಟ್ರಲ್ವಾ!"

ಅದಕ್ಕೇ ಕಾದಿದ್ದ ಹಾಗೆ ಸಭೆ ಘೊಳ್ಳೆಂದಿತು. ಹಿಂದಿನ ಸಾಲಿನ ಕರವಸ್ತ್ರಗಳೆಲ್ಲ ಹಾರಿದವು. ಮೇಷ್ಟ್ರು ತಮ್ಮ ಹಿಂದೆ ಇನ್ಯಾರಾದರೂ ಗ್ಲೋಬ್ ಮೇಷ್ಟ್ರು ನಿಂತಿದ್ದಾರೇನೋ ಎಂದು ತಿರುಗಿ ನೋಡಿದರು. ಕಂಬ ಬಿಟ್ಟರೆ ಯಾರೂ ಇರಲಿಲ್ಲ.

"ಹೌದು ಮೇಡಂ, ಸರ್ ನಡಿಗೇನೇ!" ಎಂದಳು ಸ್ಕ್ರೂ ಕುಣಿಯುತ್ತ. "ನಮ್ಮ ಕೋಣೆ ಮುಂದೆ ದಿನಾ ಓಡಾಡ್ತಾರಲ್ಲ, ಮರೆಯಿಂದ ವಿಡಿಯೊ ತೆಗೆದ್ವಿ. ಖಾಲಿ ಕಾರಿಡಾರಲ್ಲಿ ಒಬ್ಬರೇ ಹೋಗ್ತಿದ್ರೂ ನಾಲ್ಕ್ ಹೆಜ್ಜೆಗೊಂದ್ ಸಲ ನಿಂತು ಆ ಕಡೆ ಈ ಕಡೆ ನೋಡ್ತಾರೆ."

ಮೇಷ್ಟ್ರು ಕಕ್ಕಾಬಿಕ್ಕಿಯಾದರು. ಹಾಗಾದರೆ ಬೆಳಿಗ್ಗೆಯಿಂದ ಇವರೆಲ್ಲ ನಕ್ಕಿದ್ದು... ಮೂರು ಮೂರು ಸಲ ನಡೆಸಿ ನಕ್ಕಿದ್ದು... ಕಿವಿ ಬಿಸಿಯಾಯಿತು. ಆದರೆ ಅದರ ಬೆನ್ನಿಗೇ ಎದೆಯ ಮೇಲಿನ ಬಂಡೆ ಇಳಿದಂಥ ನೆಮ್ಮದಿಯೂ ಆಯಿತು. ನಗಲಿ, ಊರೆಲ್ಲ ನಗಲಿ! ಮೇಡಂ ಅಲ್ಲವಲ್ಲ, ಅಷ್ಟು ಸಾಕು.

"ಮೇಷ್ಟ್ರೇ, ಇಲ್ಲಿ ಬನ್ನಿ" ಎಂದು ಮೇಡಂ ಕಣ್ಣೊರೆಸಿಕೊಂಡರು. "ತಮ್ಮನ್ನೇ ನಗೆಪಾಟಲು ಮಾಡ್ಕೊಂಡು ಮಕ್ಕಳಿಗೆ ಕಲಿಸೋದು ಸಣ್ಣ ಮಾತಲ್ಲ. ನಿಮ್ಮನ್ನ ನಾನು ಬರೀ ಪುಕ್ಕಲು ಅಂದ್ಕೊಂಡಿದ್ದೆ. ಪೆನ್ನು ಕೊಡಿ."

ಮೇಷ್ಟ್ರು ಜೇಬಿನಿಂದ ಪೆನ್ನು ತೆಗೆದು ಕೊಟ್ಟರು. ಮೇಡಂ ನೀರಿನ ಲೋಟ ಸರಿಸಿ, ಪೆನ್ನಿನ ಮುಚ್ಚಳ ತೆಗೆದು, ಸಹಿಯ ಮೊದಲ ಸುರುಳಿ ಸುತ್ತಿದರು. ಮೇಷ್ಟ್ರು ಬಾಗಿಲಿಗೆ ಯಾವ ಬಣ್ಣದ ಪರದೆ ಹಾಕುವುದೆಂದು ಯೋಚಿಸತೊಡಗಿದರು.

ಅಧ್ಯಕ್ಷರು ಸುಮ್ಮನಿರಬಹುದಿತ್ತು. ಮಕ್ಕಳನ್ನು ಕಂಡರೆ ಮಾತಾಡಿಸದೆ ಬಿಡುವ ಜೀವ ಅದಲ್ಲ. "ಏನಮ್ಮ ಮಗು" ಎಂದರು ಸ್ಕ್ರೂ ಕಡೆ ತಿರುಗಿ, "ಮೊದಲ ಸಲ ಇದು ನಡೆದಾಗ ನಿಮ್ಮ ಮೇಷ್ಟ್ರು ಏನಂದ್ರು?"

ಹುಡುಗಿಗೆ ಮೇಷ್ಟ್ರನ್ನು ಹೊಗಳಲು ಇದಕ್ಕಿಂತ ಒಳ್ಳೆಯ ಸಮಯ ಎಲ್ಲಿ ಸಿಗಬೇಕು?

"ಪಾಪ, ಸರ್‌ಗೆ ಮೇಡಂ ಅಂದ್ರೆ ಎಷ್ಟು ಗೌರವ ಗೊತ್ತಾ ತಾತ! ಅದು ಅವರದೇ ನಡಿಗೆ ಅಂತ ಅವರಿಗೆ ಗೊತ್ತೇ ಆಗ್ಲಿಲ್ಲ. ದೊಡ್ಡ ಮೇಡಂ ನಡಿಗೆ ಅಂತ ತಿಳ್ಕೊಂಡು ಬೆಳಿಗ್ಗೆಯಿಂದ ಒದ್ದಾಡಿದಾರೆ. ಕಾಳು ಕದಿಯೋಕೆ ಬಂದ ಕೋಳಿ ಥರ ನಡೀತಿದೆ, ಮೇಡಂ ನೋಡಿದ್ರೆ ಏನು ಗತಿ ಅಂತ. ಡ್ರಿಲ್ ಸರ್‌ಗೆಲ್ಲ ನಡೆದೂ ತೋರಿಸಿದ್ರು!"

ಪೆನ್ನು ನಿಂತಿತು. ಸಭೆಯ ನಗು ನಲ್ಲಿ ತಿರುಗಿಸಿದ ಹಾಗೆ ಬಂದಾಯಿತು. ಡ್ರಿಲ್ ಮೇಷ್ಟ್ರು ಕುರ್ಚಿಯಡಿ ಏನೋ ಬೀಳಿಸಿಕೊಂಡವರಂತೆ ಬಗ್ಗಿದರು.

"ಕೋಳಿ?" ಎಂದರು ಮೇಡಂ. ಧ್ವನಿ ಮೆಲ್ಲಗಿತ್ತು. ಅದು ಜೋರಾಗಿದ್ದಿದ್ದರೆ ಮೇಷ್ಟ್ರಿಗೆ ಇಷ್ಟು ಭಯವಾಗುತ್ತಿರಲಿಲ್ಲ.

"ಇಲ್ಲ ಮೇಡಂ, ಅದು ನನ್ನ ನಡಿಗೆ ಅಂತ ಈಗ ಸಾಬೀತಾಯ್ತಲ್ಲ ಮೇಡಂ, ಕೋಳಿ ನಾನೇ ಮೇಡಂ..."

ಮೇಡಂ ಕಾಗದ ಮಡಿಚಿ ಕೈಯಲ್ಲಿ ಹಿಡಿದು ಎದ್ದರು. ಯಾರ ಮುಖವನ್ನೂ ನೋಡದೆ ಕುರ್ಚಿಗಳ ನಡುವಿನ ದಾರಿಯಲ್ಲಿ ಬಾಗಿಲಿನ ಕಡೆ ನಡೆದರು. "ಮೇಡಂ, ಮೇಡಂ" ಎನ್ನುತ್ತ ಮೇಷ್ಟ್ರು ಹಿಂದೆ ಹೊರಟರು. ಗಾಬರಿಯಲ್ಲಿ ಸ್ಕ್ರೂ ಜೊತೆಗಾರ ಗುಂಡಿ ಒತ್ತಿಬಿಟ್ಟ. ನಡಿಗೆರಾಯನೂ ಅವರ ಹಿಂದೆ ಹೊರಟ.

ಈ ಶಾಲೆಯಲ್ಲಿ ಮೇಡಂ ನಡೆಯುವುದನ್ನು ಅವತ್ತಿನವರೆಗೆ ಯಾರೂ ನೋಡಿರಲಿಲ್ಲ. ಅವರು ಕಾರಿಡಾರಿಗೆ ಕಾಲಿಟ್ಟರೆ ಮಕ್ಕಳ ಕಣ್ಣು ಪುಸ್ತಕಕ್ಕೆ, ಮೇಷ್ಟ್ರುಗಳ ಕಣ್ಣು ಬೋರ್ಡಿಗೆ. ಹಿಂದಿನಿಂದ ನೋಡುತ್ತಿದ್ದವರು ಗ್ಲೋಬ್ ಮೇಷ್ಟ್ರು ಒಬ್ಬರೇ. ಇವತ್ತು ಮೊದಲ ಬಾರಿಗೆ ಇಡೀ ಸಭೆ ಕಣ್ಣು ಬಿಟ್ಟು ನೋಡಿತು.

ಮೇಡಂ ಕತ್ತು ಮುಂದೆ. ಮೇಷ್ಟ್ರ ಕತ್ತು ಮುಂದೆ. ನಡಿಗೆರಾಯನ ಕತ್ತು ಮುಂದೆ. ಮೂವರ ಬಲಗಾಲೂ ಕೊಚ್ಚೆ ತಪ್ಪಿಸಿತು. ನಾಲ್ಕಾರು ಹೆಜ್ಜೆಗೆ ಮೇಡಂ ಗಕ್ಕನೆ ನಿಂತು ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿದರು. ಅವರ ಹಿಂದೆ ಮೇಷ್ಟ್ರು ನಿಂತು ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿದರು. ಬಿಸ್ಕತ್ತು ಡಬ್ಬಿಯೂ ನೋಡಿತು.

"ಭಲೇ!" ಎಂದು ಅಧ್ಯಕ್ಷರು ಎದ್ದು ನಿಂತು ಚಪ್ಪಾಳೆ ತಟ್ಟಿದರು. "ಮೂವರೂ ಎಷ್ಟು ಚೆನ್ನಾಗಿ ಅಭ್ಯಾಸ ಮಾಡಿದೀರಿ! ಇದು ಪ್ರದರ್ಶನ ಅಂದ್ರೆ!"

ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ಮೇಡಂ ತಿರುಗಿದರು. ತಮ್ಮ ಹಿಂದೆ ನಿಂತಿದ್ದ ಮೇಷ್ಟ್ರನ್ನು ನೋಡಿದರು, ಅವರ ಹಿಂದೆ ನಿಂತಿದ್ದ ನಡಿಗೆರಾಯನನ್ನು ನೋಡಿದರು. ಆಮೇಲೆ ಬಗ್ಗಿ ತಮ್ಮದೇ ಬಲಗಾಲನ್ನು ನೋಡಿಕೊಂಡರು. ಅದು ಪಕ್ಕಕ್ಕೆ ಚಾಚಿಕೊಂಡಿತ್ತು.

"ಮೇಷ್ಟ್ರೇ."

"ಮೇಡಂ."

"ನಾನು ನಿಜವಾಗ್ಲೂ ಹೀಗೇ ನಡೀತೀನಾ?"

ಹೌದು ಎಂದರೆ ಕೆಟ್ಟೆ, ಇಲ್ಲ ಎಂದರೆ ನೂರಾರು ಜನ ಈಗಷ್ಟೇ ನೋಡಿದ್ದಾರೆ. ಮೇಷ್ಟ್ರು ಎರಡಕ್ಕೂ ಸಲ್ಲುವ ಹಾಗೆ ತಲೆಯಾಡಿಸಿದರು.

"ನಾಳೆಯಿಂದ ರೌಂಡ್ಸಿಗೆ ನೀವು ಮುಂದೆ ನಡೀರಿ, ನಾನು ಹಿಂದೆ ಬರ್ತೀನಿ" ಎಂದರು ಮೇಡಂ. "ನಾನು ಹೇಗೆ ನಡೀತೀನಿ ಅಂತ ನಾನೂ ಸರಿಯಾಗಿ ನೋಡ್ಬೇಕು. ನೋಡಿ ತಿದ್ಕೋಬೇಕು."

"ಆಗಲಿ ಮೇಡಂ. ಮತ್ತೆ... ಆ ಕಾಗದ?"

ಮೇಡಂ ಅರ್ಧ ಸಹಿಯ ಕಾಗದವನ್ನು ಇನ್ನೊಂದು ಮಡಿಕೆ ಮಡಿಚಿ ಚೀಲಕ್ಕೆ ಹಾಕಿಕೊಂಡರು. "ನಿಮ್ಮನ್ನ ಕಾಯಂ ಮಾಡಿದ್ರೆ ಈ ನಡಿಗೇನೂ ಕಾಯಂ ಆಗತ್ತೆ. ಮೊದಲು ಇಬ್ಬರದೂ ಸರಿಹೋಗ್ಲಿ. ಅಲ್ಲೀವರೆಗೂ ನೀವು ತಾತ್ಕಾಲಿಕವೇ."

ಹೇಳಿ ಅವರು ಬಾಗಿಲ ಕಡೆ ಹೊರಟರು. ಹಿಂದೆ ಹೋಗಬೇಕೋ, ಓಡಿ ಮುಂದೆ ಸೇರಿಕೊಳ್ಳಬೇಕೋ ತಿಳಿಯದೆ ಮೇಷ್ಟ್ರು ದಾರಿಯ ನಡುವೆಯೇ ನಿಂತರು. ನಡಿಗೆರಾಯನಿಗೆ ಅಂಥ ಯೋಚನೆಯೇನೂ ಇರಲಿಲ್ಲ. ಮೇಷ್ಟ್ರ ಪಕ್ಕದಲ್ಲಿ ಹಾದು, ಮೇಡಂ ಹಿಮ್ಮಡಿ ತುಳಿಯದಷ್ಟು ದೂರ ಬಿಟ್ಟು, ಅವರ ಹಿಂದೆ ಹೊರಟೇ ಹೋದ.